ಬಿಸಿ ಹಿಂಡಿ

ಸಾಹುಕಾರ ನಂದೀಶ್ವರಯ್ಯ ಸತ್ತು ಮಣ್ಣಾದರೂ ಮುದ್ದಪ್ಪನಿಗೆ ಅವನ ಮೇಲಿನ ಸಿಟ್ಟು ಆರಿಲ್ಲ. ದುಡಿಸಿಕೊಂಡಿದ್ದಕ್ಕಲ್ಲ. ದುಡಿಸಿಕೊಂಡು, ‘ಇವರ ಕುರಿ ಸಾಕಿದವನೇ ನಾನು’ ಎಂದನಲ್ಲ, ಅದಕ್ಕೆ.

ಶಿರಾದ ಅವನ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಸುಗ್ಗಿ ಬಂತೆಂದರೆ ಐದು ಗಂಟೆಯ ಸೈರನ್ನು ಹೆಸರಿಗೆ ಮಾತ್ರ. ಅದು ಕೂಗಿದ ಮೇಲೂ ಆಳುಗಳು ಮೂಟೆ ಹೊರಬೇಕು. ಹೊತ್ತು ಮುಳುಗಿ ಹೊರಟಾಗ, ಕಸ ಗುಡಿಸುವ ಈರಕ್ಕ ಒಬ್ಬೊಬ್ಬರ ಟವಲಿಗೂ ಒಂದು ತುಂಡು ಬಿಸಿ ಹಿಂಡಿ ಹಾಕುತ್ತಿದ್ದಳು. ಓವರ್‌ಟೈಮಿಗೆ ಅಷ್ಟೇ. ಎಲ್ಲರ ಮನೆಯಲ್ಲೂ ಕುರಿಯಿತ್ತು. ಸಾಹುಕಾರ ಧರ್ಮಾತ್ಮನೆಂದು ಕೈಮುಗಿದೇ ಒಯ್ಯುತ್ತಿದ್ದರು.

ಎಪ್ಪತ್ತೊಂಬತ್ತರಲ್ಲಿ ಯೂನಿಯನ್ನಿನವರು ಬಂದು, ಹೆಚ್ಚಿಗೆ ದುಡಿದರೆ ಎರಡರಷ್ಟು ಕೂಲಿ ಕೊಡಬೇಕು, ಕಾನೂನಿದೆ ಎಂದರು. ತುಮಕೂರಿನಲ್ಲಿ ಕೇಸು ಬಿತ್ತು. ಐದರ ಮೇಲೆ ಮಿಲ್ಲಿನಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲವೆಂದು ಸಾಹುಕಾರ ಬರೆದುಕೊಟ್ಟ. ಹಿಂಡಿಯ ಮಾತೆತ್ತಿದರೆ ಅದರ ಬೆಲೆಯನ್ನು ಕೂಲಿಯಲ್ಲಿ ವಜಾ ಹಾಕಿಕೊಂಡಾರೆಂದು ಆಳುಗಳಿಗೆ ದಿಗಿಲು.

“ಯಾರೂ ಹಿಂಡಿ ಅನ್ಬ್ಯಾಡ್ರಲಾ” ಎಂದು ಮುದ್ದಪ್ಪನೇ ಕಟ್ಟು ಮಾಡಿದ. ಕಟಕಟೆ ಹತ್ತಿ, ಹಿಂಡಿ ಕಂಡೇ ಇಲ್ಲ ಎಂದ.

ಆಮೇಲೆ ಸಾಹುಕಾರನ ಕಡೆಯ ಸಾಕ್ಷಿಯಾಗಿ ಈರಕ್ಕ ಬಂದಳು.

“ಇವರೆಲ್ಲ ಐದಕ್ಕೇ ಹೋಗುತ್ತಿದ್ದರಲ್ಲವೇನಮ್ಮ?” ಎಂದ ಅವನ ವಕೀಲ.

“ಹೆಂಗೋಯ್ತಾರೆ ಸ್ವಾಮಿ? ದೀಪ ಹಚ್ಚಿದ್ ಮ್ಯಾಲೆ ಹಿಂಡಿ ಈಸ್ಕೊಂಡೇ ಹೋಗೋರು. ನಾನೇ ಅಲ್ವಾ ಹಾಕ್ತಿದ್ದದ್ದು.”

ಸಾಹುಕಾರ ಎದ್ದುನಿಂತು ಕುರಿ ಸಾಕಿದ ಮಾತಾಡಿದ್ದು ಆಗಲೇ.

ಮುದ್ದಪ್ಪನ ಮೈಯೆಲ್ಲ ಉರಿಯಿತು. ಅಕ್ಕ ಎನ್ನುತ್ತಿದ್ದವನು ಕೋರ್ಟಿನ ಬಾಗಿಲಲ್ಲೇ ಅವಳನ್ನು ತಡೆದ. “ಸಾಹುಕಾರನ ಎಂಜಲು ತಿಂದ ನಾಲಿಗೆ ಕಣೇ ನಿಂದು. ನಮ್ಮನ್ನ ಮಾರ್ಬುಟ್ಟೆ.”

“ಕೇಳುದ್ರು, ಹೇಳ್ದೆ” ಎಂದು ಈರಕ್ಕ ಸೆರಗು ಸಿಕ್ಕಿಸಿಕೊಂಡು ಬಸ್ಸಿಗೆ ನಡೆದಳು.

ತೀರ್ಪು ಆಳುಗಳ ಕಡೆಗಾಯಿತು. ಹಿಂಡಿ ಕೂಲಿಯಲ್ಲ, ಆದರೆ ದೀಪ ಹಚ್ಚಿದ ಮೇಲೆ ಹಿಂಡಿ ಈಸಿಕೊಂಡರೆಂದರೆ ಅಲ್ಲಿಯವರೆಗೆ ದುಡಿದರೆಂದೇ ಅರ್ಥ ಎಂದರು ಜಡ್ಜು. ನಂಬಿದ್ದು ಈರಕ್ಕನ ಮಾತೊಂದನ್ನೇ. ಅವಳನ್ನೋ, ಸಾಕ್ಷಿ ಹೇಳಿದ ಮಾರನೆಯ ದಿನವೇ ಸಾಹುಕಾರ ಮಿಲ್ಲಿನಿಂದ ಅಟ್ಟಿದ್ದ.

ದುಡ್ಡು ಕೈಗೆ ಬಂದ ಮೇಲೆ ಮುದ್ದಪ್ಪ ಹೆಣ್ಣು ಕುರಿಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ತವರು ಕಳ್ಳಂಬೆಳ್ಳಕ್ಕೆ ಹೋದ. ಕೆರೆ ಏರಿಯ ಮೇಲೆ ಹೆಂಗಸರ ನಡುವೆ ಕೂತಿದ್ದಳು.

“ಮರಿ ತಂದಿವ್ನಿ ಅಕ್ಕ.”

“ಸಾಹುಕಾರ ಹಿಂಡಿ ಕೊಟ್ಟಂಗಾ? ನೀನು ನಾಕು ಜನದ ಮುಂದೆ ನನ್ನ ಅಂದಿದ್ದೆ. ನಾಕು ಜನದ ಮುಂದೇನೇ ತಪ್ಪಾಯ್ತು ಅನ್ನು, ಸಾಕು.”

ಹೆಂಗಸರೆಲ್ಲ ಇವನನ್ನೇ ನೋಡಿದರು.

“ಇನ್ನೊಂದ್ಸಲ ಬತ್ತೀನಿ” ಎಂದು ಮರಿಯನ್ನು ಹೊತ್ತು ವಾಪಸು ಬಂದ.

ಎಂಬತ್ತಾರರಲ್ಲಿ ಈರಕ್ಕ ತೀರಿಕೊಂಡಳು. ಮುದ್ದಪ್ಪ ಮಣ್ಣಿಗೆ ಹೋಗಿದ್ದ. ನಾಲ್ಕು ಜನವಲ್ಲ, ಊರಿಗೆ ಊರೇ ಸೇರಿತ್ತು. ಕೇಳಿಸಿಕೊಳ್ಳಬೇಕಾದವಳು ಮಾತ್ರ ಇರಲಿಲ್ಲ.