ಗುಂಡಿ ಮಗ್ಗದೊಳಗೆ ಕೊರೆದ ಪ್ಲೇಟು

ಚಳ್ಳಕೆರೆ ಸೀಮೆಯಲ್ಲಿ ಗ್ರಾಮಫೋನ್ ಪ್ಲೇಟು ಕೊರೆಯೋಕೆ ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈ ಕೆಲಸ ಕಲಿಸಿದ ಬೆಂಗಳೂರಿನ ಸ್ಟುಡಿಯೋ ಯಜಮಾನರೇ ಹೇಳಿದ್ದರು: "ಬಿಸಿಲು, ಧೂಳು, ಒಣಗಾಳಿ. ಇದಕ್ಕೆ ಏಸಿ ರೂಮು ಬೇಕಮ್ಮ. ಅದು ಕುರಿ ಮೇಯಿಸೋ ಜಾಗ."

ಕುರಿ ಮೇಯಿಸೋರ ಮನೆಯಲ್ಲೇ ನಾನು ಹುಟ್ಟಿದ್ದು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು, ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. 'ಆಗಲ್ಲ' ಅನ್ನೋ ಮಾತು ಕೇಳಿ ಕೇಳಿ ಕಿವಿ ದಪ್ಪ ಆಗಿತ್ತು. ಹಟ ಹಿಡಿದು ಅವರ ಹಳೇ ಯಂತ್ರ ತಂದೆ. ಬೇಸಿಗೆ ಮುಗಿಯೋದರೊಳಗೆ ಒಂದು ಸರಿಯಾದ ಪ್ಲೇಟು ತೋರಿಸದಿದ್ದರೆ ಯಂತ್ರ ವಾಪಸ್ಸು. ಅದು ಅವರ ಷರತ್ತು.

ಕೆಲಸ ಇಷ್ಟೇ. ಕರಿ ವಿನೈಲ್ ತಟ್ಟೆ ತಿರುಗುತ್ತದೆ, ಚೂಪು ಮುಳ್ಳೊಂದು ಅಂಚಿನಿಂದ ನಡುವಿನ ಕಡೆಗೆ ಸುರುಳಿಯಾಗಿ ಗೆರೆ ಕೊರೆಯುತ್ತದೆ. ಕೊರೆದಂತೆಲ್ಲ ಕೂದಲಿನಂಥ ಎಳೆ ಏಳುತ್ತದೆ. ಅದನ್ನು ಕೊಳವೆಯೊಂದು ಎಳೆದುಕೊಳ್ಳಬೇಕು. ಎಳೆ ಮುಳ್ಳಿಗೆ ಸಿಕ್ಕಿಕೊಂಡಿತೋ, ಪ್ಲೇಟು ಕೆಟ್ಟಿತು.

ಮೊದಲು ಚಳ್ಳಕೆರೆಯಲ್ಲೇ ರೂಮು ಹಿಡಿದೆ. ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಕಂಬಳಿ ಹೊಡೆದೆ. ಕಂಬಳಿ ಊರಿನವರಷ್ಟೇ ಮಾಡಬಹುದಾದ ತಪ್ಪು ಅದು. ಆ ಒಣಹವೆಗೆ ಉಣ್ಣೆ ಮುಟ್ಟಿದರೆ ಚಟಚಟ ಕಿಡಿ. ಎಳೆ ಕೊಳವೆಗೆ ಹೋಗದೆ ಮುಳ್ಳಿಗೆ, ತಟ್ಟೆಗೆ, ನನ್ನ ಕೈಗೆ ಅಂಟಿತು. ನಮ್ಮೂರು ನನ್ನಿವಾಳದಿಂದ ಬಂದಿದ್ದ ಅವ್ವ ಬಾಗಿಲಲ್ಲೇ ನಿಂತು ನಕ್ಕಳು. "ಏನೇ, ಪ್ಲೇಟು ಕೊರೀತಿದೀಯೋ, ಕುರಿ ಉಣ್ಣೆ ಕತ್ರಿಸ್ತಿದೀಯೋ?"

ಸ್ಥಿರವಿದ್ಯುತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ, ಅದನ್ನೇ ಗೋಡೆ ಮೇಲೆ ನಾನೇ ತೂಗುಹಾಕಿದ್ದು ಗೊತ್ತಾಗಲಿಲ್ಲ. ಗಾಳಿ ತೇವವಿದ್ದರೆ ಅದು ನಿಲ್ಲಲ್ಲ. ಈ ಬರಡು ಬಿಸಿಲಲ್ಲಿ ತೇವ ಎಲ್ಲೈತೆ ಅಂತ ಹುಡುಕಿದಾಗ ಮೊಳಕಾಲ್ಮೂರಿನಲ್ಲಿ ಚಿಕ್ಕಮ್ಮ ಇದ್ದ ನೇಕಾರರ ಬೀದಿ ನೆನಪಾಯಿತು. ರಜೆಯಲ್ಲಿ ಅಲ್ಲಿ ಲಾಳಿಯೊಳಗಿಡೋ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನೇಕಾರರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ರೇಷ್ಮೆ ಎಳೆ ಒಣಗಿ ಕಡಿಯದಿರಲೆಂದು ಗುಂಡಿಗೆ ನೀರು ಚಿಮುಕಿಸುತ್ತಾರೆ.

ಅದೇ ಬೀದಿಯಲ್ಲಿ ಮಗ್ಗ ಕಿತ್ತ ಒಂದು ಮನೆ ಬಾಡಿಗೆಗೆ ಹಿಡಿದು, ಗುಂಡಿಯನ್ನು ಅಗಲ ಮಾಡಿಸಿ, ಒಳಗೆ ಕಲ್ಲುಚಪ್ಪಡಿ ಹಾಕಿ ಯಂತ್ರ ಇಳಿಸಿದೆ. ಸುತ್ತ ನೀರು ಚಿಮುಕಿಸಿದೆ. ಎಳೆ ಹೇಳಿದಂತೆ ಕೇಳಿ ಕೊಳವೆಗೆ ಹೋಯಿತು! ಆದರೆ ಪ್ಲೇಟು ಹಾಕಿ ಕೇಳಿದರೆ ದಡ್, ದಡ್. ಅಕ್ಕಪಕ್ಕದ ಮಗ್ಗಗಳ ಬಡಿತ ನೆಲದೊಳಗಿಂದ ಬಂದು ಗೆರೆಯಲ್ಲಿ ಕೂತಿತ್ತು.

ಪಕ್ಕದ ಮನೆಯಲ್ಲಿ ನೇಯೋ, ತೆಲುಗು ಬೆರೆಸಿ ಮಾತಾಡೋ ತಾತನನ್ನು ಕೇಳಿದೆ. "ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸ್ತೀರಾ?"

"ಏಂದಮ್ಮಾ, ನಿನ್ನ ಪಾಟ-ಹಾಡಿಗೋಸ್ಕರ ನನ್ನ ಸೀರೆ ನಿಲ್ಬೇಕಾ? ಊಟಕ್ಕೆ ಏಳ್ತೀವಲ್ಲ, ಆಗ ಕೊರ್ಕೋ."

ಊಟದ ಹೊತ್ತು ಅಂದರೆ ನೆತ್ತಿ ಸುಡೋ ಹೊತ್ತು. ಸರಿ, ಆಗಲೇ ಕೊರೀತೀನಿ ಅಂದೆ.

ಬೇಸಿಗೆ ಮುಗಿಯುತ್ತ ಬಂತು, ಯಜಮಾನರು ಯಂತ್ರ ಒಯ್ಯೋಕೇ ಅಂತ ಜೀಪು ತಂದಿದ್ದರು. ಹಾಡೋಕೆ ಅವ್ವ ಕೂತಳು. ಮೈಕಿನಿಂದ ನೇರ ಮುಳ್ಳಿಗೆ. ಅವಳು ಹಿಡಿದದ್ದು ದೇವರೆತ್ತಿನ ಪದ, ದೇವರ ಹೆಸರಲ್ಲಿ ಬಿಟ್ಟ ಎತ್ತುಗಳ ಹಾಡು. ನಮ್ಮ ಹಟ್ಟಿಯಲ್ಲಿ ಆ ಪದ ಹಿಡಿದರೆ ಮುಗಿಸಲೇಬೇಕು, ನಡುವೆ ಬಿಡೋ ಹಾಗಿಲ್ಲ. ಚಿಕ್ಕದಾಗಿ ಹಾಡವ್ವ ಅಂದಿದ್ದೆ. "ದೇವರನ್ನ ಅರ್ಧ ಕೂರಿಸಿ ಅರ್ಧ ಎಬ್ಬಿಸ್ತಾರೇನೇ?" ಅಂದಿದ್ದಳು.

ಮಗ್ಗಗಳು ನಿಂತವು. ಬೆವರು ತಟ್ಟೆಗೆ ಬೀಳದ ಹಾಗೆ ತಲೆಗೆ ಟವೆಲ್ ಸುತ್ತಿ ಗುಂಡಿಯಲ್ಲಿ ಕೂತೆ. ಮುಳ್ಳು ತಟ್ಟೆಯ ಅರ್ಧ ದಾಟಿತು, ಪದ ಮಾತ್ರ ಅರ್ಧಕ್ಕೂ ಬಂದಿರಲಿಲ್ಲ. ಯಜಮಾನರು ನಿಲ್ಲಿಸು ಅಂತ ಕೈ ಅಡ್ಡ ಆಡಿಸಿದರು. ತಲೆ ಅಲ್ಲಾಡಿಸಿದೆ. ಗೆರೆಗಳನ್ನು ಒತ್ತೊತ್ತಾಗಿ ಕೊರೆಯುವ ತಿರುಪು ನನ್ನ ಬೆರಳಲ್ಲಿತ್ತು. ಆದರೆ ಅವ್ವ ದನಿ ಏರಿಸಿದರೆ ಗೆರೆ ಅಗಲವಾಗಿ ಬಳುಕಿ ಪಕ್ಕದ್ದಕ್ಕೆ ನುಗ್ಗುತ್ತದೆ, ಅಲ್ಲಿಗೆ ಪ್ಲೇಟು ಮುಗಿಯಿತು.

ಅವಳು ಎಲ್ಲಿ ದನಿ ಏರಿಸುತ್ತಾಳೆ ಅಂತ ನನಗೆ ಗೊತ್ತಿತ್ತು. ತೊಡೆ ಮೇಲೆ ಮಲಗಿ ಕೇಳಿದ ಪದ ಅದು. ಏರೋ ಮುಂಚೆ ಗೆರೆ ಸಡಿಲಿಸಿದೆ, ಇಳಿದ ಮೇಲೆ ಬಿಗಿ ಮಾಡಿದೆ. ಕೊನೇ ಸೊಲ್ಲು ಮುಗಿದಾಗ ಮುಳ್ಳು ನಡುವಿನ ಲೇಬಲ್ಲಿನ ಅಂಚಿನಲ್ಲಿತ್ತು.

ಯಜಮಾನರು ಪ್ಲೇಟು ಹಾಕಿ ಪೂರ್ತಿ ಕೇಳಿದರು. ಒಂದು ಕಡೆಯೂ ಮುಳ್ಳು ಹಾರಲಿಲ್ಲ, ಚಟಪಟ ಇಲ್ಲ, ದಡ್ ಇಲ್ಲ.

"ಅಂಚಿಗೇ ಬಂದುಬಿಟ್ಟಿದೆಯಲ್ಲಮ್ಮ."

"ಬಂದಿದೆ, ದಾಟಿಲ್ಲ ಸಾರ್."

ಅವರು ಗುಂಡಿಯೊಳಗೆ ಬಗ್ಗಿ ನೋಡಿ, ಕೈ ಇಳಿಸಿ ತಣ್ಣನೆಯ ಚಪ್ಪಡಿ ಮುಟ್ಟಿದರು. "ಯಂತ್ರ ಇಲ್ಲೇ ಇರಲಿ," ಅಂದರು. ಅಷ್ಟೇ.

ಅವ್ವ ಆಗಲೇ ಚೀಲ ಹಿಡಿದು ಎದ್ದಿದ್ದಳು. "ಗಾಡಿ ಹೆಂಗೂ ಖಾಲಿ ಹೋಗ್ತೈತಲ್ರಿ ಸಾಮಿ, ನನ್ನ ಚಳ್ಳಕೆರೆಗೆ ಬಿಡ್ರಿ."