ಹಡೆದವಳು ಪಾರ್ಟಿಯಲ್ಲ

ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಜಯದೇವಿಯವರ ಬಾಯಿಗೆ ಹೆದರದವರಿಲ್ಲ. ತರಕಾರಿ ಗಾಡಿಯವನು ಕೂಡ ಅವರ ಮನೆ ಮುಂದೆ ಕೂಗು ನಿಲ್ಲಿಸಿ ಮೆಲ್ಲಗೆ ತಳ್ಳಿಕೊಂಡು ಹೋಗುತ್ತಾನೆ. ಎದುರು ಮನೆಯವಳಾದ ನನಗೂ ಅವರಿಗೂ ಎಷ್ಟು ವರ್ಷದ ಸ್ನೇಹವೋ ಅಷ್ಟೇ ವರ್ಷದ ಜಗಳ. ಅಂಥ ಹೆಂಗಸು ಕೋರ್ಟಿನಲ್ಲಿ ಕೈಮುಗಿದು ನಿಂತದ್ದನ್ನು ಹೋದ ವರ್ಷ ನಾನು ನೋಡಿದೆ. ನೋಡಬಾರದಿತ್ತು.

ಅವರ ಯಜಮಾನರು ಗಂಗಾಧರಯ್ಯ, ತೀರಾ ಸಾಧು ಮನುಷ್ಯ. ಯೋಗಾನಂದ ಎಂಬ ಸ್ನೇಹಿತನ ಜೊತೆ ಪಾಲುದಾರಿಕೆಯಲ್ಲಿ ಮಾಗಡಿ ರಸ್ತೆಯ ಒಂದು ಶೆಡ್ಡಿನಲ್ಲಿ ಊದುಬತ್ತಿ ಮಾಡುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ಮನೆಮಕ್ಕಳ ಫೋಟೋ ಹಾಕುವುದು ಈ ಕಸುಬಿನಲ್ಲಿ ಹಳೆಯ ರೂಢಿ. ಒಬ್ಬಳೇ ಮಗಳು ಶರಣ್ಯಾಗೆ ಐದು ತುಂಬಿದಾಗ ಮೊಗ್ಗಿನ ಜಡೆ ಹಾಕಿಸಿ, ಮುಖದ ಜೊತೆ ಜಡೆಯೂ ಕಾಣಲೆಂದು ಕನ್ನಡಿಯ ಮುಂದೆ ಕೂರಿಸಿ, ರಾಜಾಜಿನಗರದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರು. ಅದೇ ಪ್ಯಾಕೆಟ್ಟಿಗೆ ಬಂತು. ಬತ್ತಿಗೂ ಶರಣ್ಯಾ ಎಂದೇ ಹೆಸರಿಟ್ಟರು. ಓದು ಬಾರದವರು ಅಂಗಡಿಯಲ್ಲಿ "ಜಡೆ ಮಗು ಪ್ಯಾಕೆಟ್ ಕೊಡಣ್ಣ" ಎಂದು ಕೇಳುತ್ತಿದ್ದರು.

ಏಳನೇ ವಯಸ್ಸಿಗೆ ಆ ಮಗು ಡೆಂಗೆ ಜ್ವರದಲ್ಲಿ ಹೋಗಿಬಿಟ್ಟಿತು. ಇನ್ನು ಫೋಟೋ ಹಾಕುವುದು ಬೇಡ ಎಂದು ಗಂಡ ಅಂದಾಗ ಜಯದೇವಿ ರೇಗಿದರಂತೆ.

"ನನ್ ಮಗಳು ಊರೋರ ಮನೆ ದೇವ್ರ ಮುಂದೆಲ್ಲ ಕೂತಿದ್ದಾಳೆ. ಅವಳನ್ನ ಎಬ್ಬಿಸ್ಬೇಡಿ."

ಅಂಗಡಿಗೆ ಹೋದರೆ ಬೇಕಿರಲಿ ಬಿಡಲಿ, ಊದುಬತ್ತಿ ಇಟ್ಟ ಕಡೆ ಒಮ್ಮೆ ನೋಡಿಯೇ ಬರುತ್ತಿದ್ದರು. ಜೊತೆಯಲ್ಲಿದ್ದ ನಾನು ಕಂಡೂ ಕಾಣದ ಹಾಗೆ ಬೇಳೆಯ ರೇಟು ವಿಚಾರಿಸುತ್ತಿದ್ದೆ.

ಆಮೇಲೆ ಪಾಲುದಾರರಿಬ್ಬರಿಗೂ ಕೆಟ್ಟಿತು. ಬೇರೆಯಾಗಿ, ಇಬ್ಬರೂ ಅದೇ ಹೆಸರು, ಅದೇ ಫೋಟೋ ಹಾಕಿ ಮಾರತೊಡಗಿದರು. ಯೋಗಾನಂದ ವಾಣಿಜ್ಯ ಕೋರ್ಟಿಗೆ ಹೋದ. ಹಿಂದೆ ಬ್ರ್ಯಾಂಡ್ ರಿಜಿಸ್ಟರ್ ಮಾಡಿಸುವಾಗ ಗಂಗಾಧರಯ್ಯನವರು "ನಮ್ ಯೋಗಾನಂದ ತಾನೇ" ಎಂದು ಎಲ್ಲವನ್ನೂ ಅವನ ಹೆಸರಿಗೇ ಬಿಟ್ಟಿದ್ದರು. ನಂಬಿಕೆಗೆ ಕೋರ್ಟಿನಲ್ಲಿ ಸಾಕ್ಷಿ ಎಲ್ಲಿಂದ ತರುವುದು? ತೀರ್ಪು ಅವನ ಕಡೆಗಾಯಿತು. ಹೆಸರೂ ಅವನದು, ಫೋಟೋವೂ ಅವನದು. ಗಂಗಾಧರಯ್ಯ ಯಂತ್ರ ಮಾರಿ, ಶೆಡ್ಡು ಖಾಲಿ ಮಾಡಿಕೊಂಡು ಬಂದರು.

"ಸಾಕು ಕಣೇ. ಮಗುನೇ ಹೋಯ್ತು, ಇನ್ನು ಫೋಟೋಗೆ ಬಡಿದಾಡೋದಾ?"

ಜಯದೇವಿ ಬಿಡಬೇಕಲ್ಲ. "ಹಡೆದೋಳು ನಾನು, ಹಕ್ಕು ಅವನ್ದಾ?" ಎಂದು ಕುದಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ, ಸುಮ್ಮನಿರಿ ಎಂದೆ. "ಸತ್ತೋಳಿಗೋಸ್ಕರಾನೇ ಹೋಗ್ತಿರೋದು, ಬನ್ರೀ" ಎಂದು ಬಸವೇಶ್ವರನಗರದ ಸ್ಮೃತಿ ಎಂಬ ಲಾಯರ್ ಹತ್ತಿರ ನನ್ನನ್ನೂ ಎಳೆದುಕೊಂಡು ಹೋದರು.

"ಆಂಟಿ, ಆ ಕೇಸಲ್ಲಿ ನೀವು ಪಾರ್ಟಿನೇ ಅಲ್ಲ," ಎಂದಳು ಸ್ಮೃತಿ. "ಅಂಕಲ್ ಅಪೀಲ್ ಬೇಡ ಅಂತಿದಾರೆ. ನೀವು ಹಾಕ್ಬೇಕು ಅಂದ್ರೆ ಮೊದಲು ಹೈಕೋರ್ಟಲ್ಲಿ ಪರ್ಮಿಷನ್ ಕೇಳ್ಬೇಕು. ತೀರ್ಪಿಂದ ನಿಮಗೆ ಏನು ನಷ್ಟ ಅಂತ ತೋರಿಸ್ಬೇಕು."

"ಏನಂತ ಹೇಳ್ಲಮ್ಮ?"

ಹುಡುಗಿ ಒಳ್ಳೆಯವಳೇ. ಕೋರ್ಟಿಗೆ ತಿಳಿಯುವ ಭಾಷೆಯಲ್ಲಿ ಬರೆದಳು: ಮೃತ ಮಗುವಿನ ಚಿತ್ರವನ್ನು ತಾಯಿಯ ಒಪ್ಪಿಗೆಯಿಲ್ಲದೆ ಎದುರು ಪಕ್ಷದವರು ಬಳಸುವುದರಿಂದ ತಾಯಿಗೆ ನೋವಾಗಿದೆ. ಜಯದೇವಿ ಅದರ ಕನ್ನಡ ಪ್ರತಿಯನ್ನು ಎರಡು ಸಲ ಓದಿ ಸಹಿ ಹಾಕಿದರು.

ವಿಚಾರಣೆಯ ದಿನ ಯೋಗಾನಂದನ ಲಾಯರು ಎದ್ದು ನಿಂತ. ವಾದಿಸುತ್ತಾನೆ ಎಂದುಕೊಂಡರೆ, ತಲೆ ಬಗ್ಗಿಸಿ ಬಹಳ ಮರ್ಯಾದೆಯಿಂದ ಹೇಳಿದ: ತಾಯಿಗೆ ನೋವಾಗುವುದಾದರೆ ನಮ್ಮ ಕಕ್ಷಿದಾರರು ಆ ಚಿತ್ರವನ್ನು ಇನ್ನೆಂದೂ ಬಳಸುವುದಿಲ್ಲ, ಬರೆದುಕೊಡುತ್ತೇವೆ, ಹೊಸ ಪ್ಯಾಕೆಟ್ ಸಿದ್ಧವಾಗಿದೆ. ಸ್ಮೃತಿಯ ಮುಖ ಅರಳಿತು. ಇಂಗ್ಲಿಷಿನ ಮಾತು ಅರ್ಥವಾಗದೆ ಜಯದೇವಿ ನನ್ನ ಕಡೆ ತಿರುಗಿದರು. ಹೇಳಿದೆ.

ಅವರು ಲಾಯರುಗಳನ್ನು ಸರಿಸಿಕೊಂಡು ಮುಂದೆ ಹೋಗಿಬಿಟ್ಟರು.

"ಹಂಗಾದ್ರೆ ಬೇಡ ಸ್ವಾಮಿ. ಅವನೇ ಇಟ್ಕೊಳ್ಲಿ. ಹಕ್ಕು ಅವನ್ದೇ ಆಗ್ಲಿ. ಮಗೂನ ತೆಗೀಬೇಡ ಅಂತ ಹೇಳಿ."

ಜಡ್ಜ್ ಸಾಹೇಬರು ಕನ್ನಡದಲ್ಲೇ, ಮೆಲ್ಲಗೆ ಹೇಳಿದರು.

"ಅಮ್ಮಾ, ಹಾಕಬೇಡಿ ಅಂತ ಕೋರ್ಟು ಹೇಳಬಹುದು. ಹಾಕಿ ಅಂತ ಒಬ್ಬ ವ್ಯಾಪಾರಿಗೆ ಹೇಳೋಕೆ ನಮಗೂ ಆಗಲ್ಲ."

ಅರ್ಜಿದಾರರು ಕೇಳಿದ್ದು ಸಿಕ್ಕಿರುವುದರಿಂದ ಇನ್ನು ಅಪೀಲಿನ ಅಗತ್ಯವಿಲ್ಲ ಎಂದು ಬರೆಸಿ ಅರ್ಜಿಯನ್ನು ಮುಗಿಸಿದರು.

ಹೊರಗೆ ಯೋಗಾನಂದ ನಿಂತಿದ್ದ. ನಾಲ್ಕು ಬೈದುಬಿಡೋಣ ಎಂದು ನಾನೇ ಮುಂದಾದೆ. ಅವನ ಕಣ್ಣೂ ಒದ್ದೆಯಾಗಿತ್ತು, ಹಾಳಾಗಲಿ.

"ಅತ್ತಿಗೆ, ನಾನಾಗಿ ತೆಗೀತಿರ್ಲಿಲ್ಲ. ನಾನೂ ಎತ್ತಿ ಆಡಿಸಿದ ಮಗು ಅದು. ನೀವು ಅರ್ಜಿ ಹಾಕಿದ್ರಿ ಅಂತ, ತಂಟೆ ಬೇಡ ಅಂತ ಲಾಯರು ತೆಗೆಸಿದ್ರು."

"ಹೊಸ ಪ್ಯಾಕೆಟ್ ಮೇಲೆ ಯಾರಿದಾರೆ?"

"ಯಾರೂ ಇಲ್ಲ ಅತ್ತಿಗೆ. ಕಮಲದ ಹೂವು."

ಈಗಲಾದರೂ ಮಾತು ವಾಪಸ್ ತಗೋ ಎಂದು ನಾನು ಅವನಿಗೆ ಅಂದೆ. ಕೋರ್ಟಿಗೆ ಬರೆದುಕೊಟ್ಟಾಯಿತು, ಅಚ್ಚೂ ಆಗಿದೆ ಎಂದು ಕೈಚೆಲ್ಲಿದ. "ಫೋಟೋ ಈಗ ನಿಮ್ದೇ ಆಂಟಿ" ಎಂದು ಸ್ಮೃತಿ ಸಮಾಧಾನ ಹೇಳಿದಳು. ಶೆಡ್ಡಿಲ್ಲ, ಬತ್ತಿಯಿಲ್ಲ, ಆ ಫೋಟೋ ಇಟ್ಟುಕೊಂಡು ಅವರು ಏನು ಮಾಡಬೇಕಿತ್ತು?

ಆಟೋದಲ್ಲಿ ಜಯದೇವಿ ಅಳಲಿಲ್ಲ. ಬಿನ್ನಿಪೇಟೆ ದಾಟುವವರೆಗೂ ಮಾತಿಲ್ಲ. ಅವರ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ, ನನಗೇ ಭಯವಾಗಿ ಕೈ ಹಿಡಿದುಕೊಂಡೆ.

"ಅವತ್ತು ಹೆಂಗಸ್ರು ಬರಬಾರ್ದು ಅಂತ ನನ್ನನ್ನ ಮನೇಲೇ ಕೂರಿಸಿ, ಗಂಡಸರೇ ಹೋಗಿ ಮಣ್ಣು ಮಾಡಿ ಬಂದ್ರು," ಎಂದರು. "ಇವತ್ತು ನಾನೇ ಪರ್ಮಿಷನ್ ಕೇಳ್ಕೊಂಡು ಹೋಗಿ ಮಾಡಿ ಬಂದೆ ಕಣ್ರೀ."