ಅಕ್ಕನ ಹೆಬ್ಬೆರಳು

ಅಕ್ಕ ಒಬ್ಬಳೇ ವಿದೇಶಕ್ಕೆ ಹೋಗುತ್ತೇನೆ ಎಂದಾಗ ಅವಳಿಗೆ ಅರವತ್ತಮೂರು. ನಾನು ಅವಳಿಗಿಂತ ಮೂರು ವರ್ಷ ಚಿಕ್ಕವಳು, ಬಾಯಿ ಮಾತ್ರ ಮೂರು ಪಟ್ಟು ದೊಡ್ಡದು. ಅವತ್ತು ಆಡಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ತಲೆ ಕೆಟ್ಟಿದೆಯಾ ಎಂಬಲ್ಲಿ ಶುರುಮಾಡಿ, ಅಲ್ಲೇ ಸತ್ತರೆ ಹೆಣ ತರುವವರು ಯಾರು ಎಂಬಲ್ಲಿಗೆ ಬಂದು ನಿಂತೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಟಿಕೆಟ್ ತೆಗೆದಾಗಿದೆ ಎಂದಳು.

ಅವಳು ಮದುವೆಯಾಗಲಿಲ್ಲ. ಮೂವತ್ತೆಂಟು ವರ್ಷ ಒಂದು ಅಚ್ಚುಕೂಟದ ಬೈಂಡಿಂಗ್ ವಿಭಾಗದಲ್ಲಿ ದುಡಿದಳು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸುವುದು, ಮಡಿಕೆಯನ್ನು ಒತ್ತಿ ತೀಡುವುದು, ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು. ತೀಡಲು ಮೂಳೆಯ ಪಟ್ಟಿ ಕೊಟ್ಟಿದ್ದರು. ಅವಳಿಗೆ ಅದು ಒಗ್ಗಲಿಲ್ಲ, ಹೆಬ್ಬೆರಳೇ ಬೇಕು. ಮಕ್ಕಳ ಭೂಗೋಳದ ಪುಸ್ತಕಗಳು ಲೆಕ್ಕವಿಲ್ಲದಷ್ಟು ಆ ಬೆರಳಿನಡಿ ಹಾದುಹೋಗಿವೆ. ನದಿ, ಬೆಟ್ಟ, ಬಂದರು ಎಲ್ಲವನ್ನೂ ತಲೆಕೆಳಗಾಗಿ, ಅರ್ಧಂಬರ್ಧ ನೋಡಿದ್ದೇನೆ, ಒಂದನ್ನಾದರೂ ನೆಟ್ಟಗೆ ನೋಡಬೇಕು ಅನ್ನುವುದಷ್ಟೇ ಅವಳ ಕಾರಣ. ಇದೂ ಒಂದು ಕಾರಣವಾ ಎಂದು ಮೂಗು ಮುರಿದವಳು ನಾನೇ.

ಮೊದಲ ಪೆಟ್ಟು ಬಿದ್ದದ್ದು ವೀಸಾ ಕಚೇರಿಯಲ್ಲಿ. ಬೆರಳಚ್ಚಿನ ಗಾಜಿನ ಮೇಲೆ ಅಕ್ಕ ಬೆರಳಿಟ್ಟರೆ ಪರದೆಯಲ್ಲಿ ಬರೀ ಮಚ್ಚೆ. ಕಾಗದ ಅವಳ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಹದಿನೈದು ದಿನ ಕೈಗೆ ಕೆಲಸ ಕೊಡಬೇಡಿ, ಎಣ್ಣೆ ಹಚ್ಚಿ, ಚರ್ಮ ಬೆಳೆಯುತ್ತದೆ ಎಂದು ಅಲ್ಲಿನ ಹುಡುಗಿ ಹೇಳಿ ಕಳಿಸಿದಳು. ಅಕ್ಕ ಹಾಗೇ ಮಾಡಿದಳು. ಎರಡನೆಯ ಸಲ ಮಸುಕಾಗಿ ಮೂಡಿತು, ವೀಸಾ ಬಂತು. ಅಲ್ಲಿ ಇಳಿದಾಗಲೂ ಬೆರಳಚ್ಚು ನೋಡುತ್ತಾರೆ, ಜೋಪಾನ ಎಂದಿದ್ದಳು ಆ ಹುಡುಗಿ.

ಆಮೇಲಾದರೂ ನಾನು ಸುಮ್ಮನಿರಬಾರದಿತ್ತೇ? ಹೊರಡಲು ಎಂಟು ದಿನವಿದ್ದಾಗ, ಅವಳು ಕೈಕಟ್ಟಿ ಕೂತಿರುವುದನ್ನು ನೋಡಲಾಗದೆ, ನನ್ನ ಮೊಮ್ಮಕ್ಕಳ ಹರಿದ ಪುಸ್ತಕಗಳನ್ನೆಲ್ಲ ತಂದು ಅವಳ ಮುಂದೆ ಸುರಿದೆ. ಇಪ್ಪತ್ತೆರಡು. ಅಕ್ಕನ ಮುಖ ಅರಳಿತು. ಹಳೆಯ ಅಂಟನ್ನು ಮರಳುಕಾಗದದಲ್ಲಿ ತಿಕ್ಕಿ, ಹೊಲಿದು, ಒಂದು ವಾರದಲ್ಲಿ ಎಲ್ಲಕ್ಕೂ ಹೊಸ ರಟ್ಟು ಕಟ್ಟಿದಳು. ಬೆರಳಿನ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಇದು ಸಾಲದು ಎಂಬಂತೆ ಇನ್ನೊಂದು ಮಾಡಿದೆ. ಯಾರಾದರೂ ಕೇಳಿದರೆ ಒಬ್ಬಳೇ ಅನ್ನಬೇಡ, ಅಲ್ಲಿ ತಂಗಿಯ ಮೈದುನ ಇದಾನೆ, ಕರೆದುಕೊಂಡು ಹೋಗಲು ಬರುತ್ತಾನೆ ಅನ್ನು ಎಂದು ಗಿಳಿಗೆ ಕಲಿಸಿದ ಹಾಗೆ ಕಲಿಸಿದೆ. ನನಗೆ ಮೈದುನನೇ ಇಲ್ಲ. ನಮ್ಮ ಯಜಮಾನರ ಹಳೆಯ ಡೈರಿಯಲ್ಲಿ ಆ ದೇಶದ ಒಂದು ನಂಬರ್ ಇತ್ತು. ಯಾವಾಗಲೋ ಅವರ ಆಫೀಸಿಗೆ ಬಂದುಹೋದ ಯಾರದೋ. ಅದನ್ನೇ ಚೀಟಿಯಲ್ಲಿ ಬರೆದು ಅವಳ ಪರ್ಸಿನಲ್ಲಿ ತುರುಕಿದೆ.

ವಿಮಾನ ಇಳಿಯುವುದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ. ಇಳಿದಾಗಿದೆ ಎಂದು ಮಗ ಫೋನಿನಲ್ಲಿ ತೋರಿಸಿದ. ಹನ್ನೆರಡಾಯಿತು, ಅಕ್ಕನ ಸುದ್ದಿಯಿಲ್ಲ. ಒಂದಾಯಿತು. ನಾನು ಫೋನ್ ಮಾಡಿದರೆ ಸ್ವಿಚ್ ಆಫ್. ಯಜಮಾನರು ಸಮಾಧಾನ ಹೇಳಲು ಬಂದು ನನ್ನಿಂದ ಬೈಸಿಕೊಂಡು ಹೋದರು. ಆ ಪುಸ್ತಕಗಳ ಮೇಲೆ ಕಣ್ಣು ಬಿದ್ದದ್ದು ಆಗಲೇ. ಸಾಲಾಗಿ ಜೋಡಿಸಿಟ್ಟ ಇಪ್ಪತ್ತೆರಡು ಹೊಸ ಬೆನ್ನುಗಳು. ಅಯ್ಯೋ, ಅವಳ ಬೆರಳು! ಅದರ ಹಿಂದೆಯೇ ಚೀಟಿಯೂ ನೆನಪಾಯಿತು. ಜೀವಮಾನದಲ್ಲಿ ಒಂದೇ ಒಂದು ಆಸೆ ಪಟ್ಟವಳನ್ನು ಕಳ್ಳಿಯ ಹಾಗೆ ವಾಪಸ್ಸು ಕಳಿಸಿದರೆ, ಅದಕ್ಕೆ ಕಾರಣ ನಾನೇ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರೂಕಾಲಿಗೆ ಫೋನ್ ಬಂತು. ಎಲ್ಲಿದೀಯಾ, ವಾಪಸ್ಸು ಕಳಿಸ್ತಿದಾರಾ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. ಹೊರಗಡೆ ಇದೀನಿ, ಮೊದಲು ಉಸಿರಾಡು ಎಂದಳು ಅಕ್ಕ.

ನಾನು ಹೆದರಿದ್ದೇ ನಡೆದಿತ್ತು. ಗಾಜು ಅವಳ ಬೆರಳನ್ನು ಒಪ್ಪಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ, ನೆಲಕ್ಕೆ ಬಿಗಿದ ಕುರ್ಚಿಯ ಮೇಲೆ ಎರಡು ಗಂಟೆ ಕೂರಿಸಿ, ಫೋನೂ ಇಸಿದುಕೊಂಡರು. ಕೊನೆಗೆ ಒಬ್ಬ ಅಧಿಕಾರಿಣಿ ಬಂದು, ನಮ್ಮ ಮಾತು ಬಲ್ಲ ಹೆಂಗಸೊಬ್ಬಳನ್ನು ಫೋನಿನಲ್ಲಿ ಹಿಡಿದು, ಅವಳ ಮೂಲಕ ವಿಚಾರಿಸಿದಳು. ಕರೆದೊಯ್ಯಲು ಯಾರು ಬರುತ್ತಾರೆ? ಅಕ್ಕ ನಾನು ಕಲಿಸಿದ್ದನ್ನು ಒಪ್ಪಿಸಿ ಚೀಟಿ ಕೊಟ್ಟಳು. ಅಧಿಕಾರಿಣಿ ಅಲ್ಲೇ ಆ ನಂಬರಿಗೆ ಫೋನ್ ಹಚ್ಚಿದಳು. ಅದೊಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಂತೆ.

“ಆಮೇಲೆ ಏನಂದೆ?” ಎಂದೆ.

“ನಿಜ ಹೇಳಿಬಿಟ್ಟೆ. ಯಾರೂ ಬರಲ್ಲ, ನಾನೊಬ್ಬಳೇ, ಊರು ನೋಡಕ್ಕೆ ಬಂದಿದೀನಿ. ಸುಳ್ಳು ಹೇಳಿಕೊಟ್ಟವಳು ನನ್ನ ತಂಗಿ ಅಂತ.”

“ನನ್ನ ಮಾನ ಕಳೆದುಬಿಟ್ಟೆಯಲ್ಲೇ.”

“ಕೇಳು ಇಲ್ಲಿ. ನಿಮ್ಮ ತಂಗಿ ಯಾಕೆ ಹಾಗೆ ಹೇಳಿಕೊಟ್ಟರು ಅಂತ ಕೇಳಿದಳು. ನನಗೂ ಭಯ ಇದೆ, ಆದರೆ ಬರದೇ ಇರೋವಷ್ಟಿಲ್ಲ, ಅಷ್ಟು ಭಯ ಇರೋದು ಅವಳಿಗೆ ಅಂದೆ.”

ಅಕ್ಕ ತನ್ನ ಪಾಡಿಗೆ ಮುಂದುವರಿಸಿದಳು. ಆ ಅಧಿಕಾರಿಣಿ ಅವಳ ಎರಡೂ ಕೈ ಹಿಡಿದು ಬೆರಳುಗಳನ್ನು ದೀಪಕ್ಕೆ ಒಡ್ಡಿ ನೋಡಿದಳಂತೆ, ಏನು ಕೆಲಸ ಎಂದು ಕೇಳಿದಳಂತೆ, ಹೋಟೆಲಿಗೂ ಫೋನ್ ಮಾಡಿ ಕೋಣೆ ಇರುವುದು ಖಾತ್ರಿ ಮಾಡಿಕೊಂಡು ಠಸ್ಸೆ ಒತ್ತಿದಳಂತೆ. ಇನ್ನು ಮೇಲೆ ಯಾರಿಗೂ ಸುಳ್ಳು ಹೇಳಬೇಡಿ ಎಂದೂ ಹೇಳಿದಳಂತೆ. ಈಗ ನಿನ್ನ ಜೊತೆ ಯಾರಿದಾರೆ ಎಂದು ನಾನು ಮತ್ತೆ ಕೇಳಿದೆ, ಬಾಯಿ ಚಟ. ಯಾರೂ ಇಲ್ಲ ಕಣೇ, ಬಸ್ಸು ಬಂತು, ಇಡ್ತೀನಿ ಎಂದು ನಗುತ್ತಾ ಇಟ್ಟುಬಿಟ್ಟಳು.

ಯಜಮಾನರು ಬಾಗಿಲಲ್ಲಿ ನಿಂತು, ಪಾರಾದಳಾ ಎಂದು ಕೇಳಿದರು. ತಲೆಯಾಡಿಸಿದೆ. ಅರವತ್ತು ವರ್ಷದಲ್ಲಿ ನಾನು ಯಾರೂ ಜೊತೆಗಿಲ್ಲದೆ ಹೋದ ದೂರದ ಜಾಗ ಯಾವುದೆಂದು ನೆನಪು ಮಾಡಿಕೊಳ್ಳಲು ನೋಡಿದೆ. ನಮ್ಮ ಬೀದಿಯ ತಿರುವು ದಾಟಿ ಏನೂ ಸಿಗಲಿಲ್ಲ. ಅಕ್ಕ ಪಾರಾದಳೆಂದು ನೆಮ್ಮದಿಯಾಗಬೇಕಿತ್ತು, ಆಯಿತು ಕೂಡ. ಆದರೆ ಸುಳ್ಳು ಯಾಕೆ ಹೇಳಲಿ, ಅದಕ್ಕೂ ಮೊದಲು ನನಗೆ ಹೊಟ್ಟೆಕಿಚ್ಚಾಯಿತು.